ಸೊನ್ನೆ ಸಾಹೇಬರ ಮೂವತ್ತೇಳನೆಯ ವರದಿ

ಪ್ರಯೋಗಾಲಯದ ಬಾಗಿಲಿಗೆ ಬೀಗ ಜಡಿದು, ಬೀಗದ ಮೇಲೆ ಹಳದಿ ಪಟ್ಟಿ ಅಂಟಿಸಿದರು ಸೊನ್ನೆ ಸಾಹೇಬರು. ಪಟ್ಟಿ ಸೊಟ್ಟಗಾಯಿತು. ಒಂಬತ್ತು ವರ್ಷಗಳಲ್ಲಿ ಅವರು ಅದನ್ನು ಅಂಟಿಸಿದ್ದು ಇದೇ ಮೊದಲು. ಕೈ ಪಳಗುವುದಾದರೂ ಹೇಗೆ?

“ಸಂಜೆ ಐದಕ್ಕೆ ಕೋಶಗಳಿಗೆ ಆಹಾರ ಬದಲಿಸದಿದ್ರೆ ಎಲ್ಲ ಸತ್ತೋಗ್ತವೆ ಸಾರ್,” ಎಂದಳು ಸಂಶೋಧಕಿ. “ಎರಡು ವರ್ಷ ಸಾಕಿದೀನಿ.”

“ಅಷ್ಟರೊಳಗೆ ಸೋರಿಕೆ ಹುಡುಕ್ತೀನಮ್ಮ.”

“ಸಿಗದಿದ್ರೆ?”

ಸಾಹೇಬರು ಪಟ್ಟಿಯನ್ನು ಇನ್ನೊಮ್ಮೆ ಒತ್ತಿದರು.

ಅವರು ವಿಶ್ವವಿದ್ಯಾಲಯದ ವಿಕಿರಣ ಸುರಕ್ಷತಾಧಿಕಾರಿ. ವಿಕಿರಣದ ನಡುವೆ ಕೆಲಸ ಮಾಡುವ ನಲವತ್ತೊಂದು ಜನರ ಎದೆಯ ಮೇಲೂ ಒಂದೊಂದು ಬ್ಯಾಡ್ಜ್. ಎಷ್ಟು ವಿಕಿರಣ ತಗುಲಿತೆಂದು ಅದು ಸದ್ದಿಲ್ಲದೆ ನೆನಪಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಡ್ಜುಗಳು ಅಳೆಯುವವರ ಬಳಿಗೆ ಹೋಗುತ್ತವೆ, ಅಂಕಿಗಳು ಮರಳಿ ಬರುತ್ತವೆ. ಸಾಹೇಬರು ಬಂದಾಗಿನಿಂದ ಬಂದದ್ದು ಬರೀ ಸೊನ್ನೆ. ಮೂವತ್ತಾರು ವರದಿ, ಎಲ್ಲರಿಗೂ ಸೊನ್ನೆ. ಹೆಸರು ಹಾಗೆ ಅಂಟಿತು. ಕುಲಪತಿಗಳು ಸನ್ಮಾನಿಸಿದರು. ಬೇರೆ ವಿಶ್ವವಿದ್ಯಾಲಯಗಳವರು ಕರೆಸಿ ಭಾಷಣ ಮಾಡಿಸಿದರು. ಸೊನ್ನೆಯನ್ನು ಸಾಧಿಸುವುದು ಹೇಗೆಂದು ಸಾಹೇಬರು ಒಂದೂಮುಕ್ಕಾಲು ಗಂಟೆ ಮಾತಾಡಿದರು. ನಿದ್ದೆ ಹೋದವರನ್ನು ಎಣಿಸಿದ್ದರೆ ಆ ಅಂಕಿ ಮಾತ್ರ ಸೊನ್ನೆಯಾಗಿರುತ್ತಿರಲಿಲ್ಲ ಎಂದು ಆಮೇಲೆ ತಾವೇ ಹೇಳಿಕೊಂಡು ನಕ್ಕರು.

ಏನೂ ಆಗದೇ ಇದ್ದರೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಇದೊಂದೇ ಎಂದು ಹೆಂಡತಿ ಛೇಡಿಸುತ್ತಿದ್ದಳು. ತಾವು ಕಾವಲು ಕಾಯುತ್ತಿದ್ದೇವೋ, ಸುಮ್ಮನೆ ಕೂತಿದ್ದೇವೋ ಎಂಬ ಅನುಮಾನ ಅವರಿಗೂ ಇತ್ತು.

ಈ ಬೆಳಿಗ್ಗೆ ಮೂವತ್ತೇಳನೆಯ ವರದಿ ಬಂತು. ನಲವತ್ತೊಂದು ಹೆಸರುಗಳಲ್ಲಿ ಮೂವತ್ತೆಂಟರ ಮುಂದೆ ಅಂಕಿ. ಮಿತಿಗಿಂತ ಎಷ್ಟೋ ಕೆಳಗೆ, ಯಾರಿಗೂ ಅಪಾಯವಿಲ್ಲ. ಆದರೆ ಮೂವತ್ತೆಂಟು ಸೊನ್ನೆಗಳು ಮಾತಾಡಿಕೊಂಡು ಒಟ್ಟಿಗೆ ಎದ್ದು ಹೋಗುವುದಿಲ್ಲ. ಎಲ್ಲೋ ಏನೋ ಸೋರಿದೆ. ಕಳೆದ ಮೂರು ತಿಂಗಳಲ್ಲಿ ಹೊಸದಾಗಿ ಶುರುವಾದದ್ದು, ಸಾಕಿದ ಕೋಶಗಳ ಮೇಲೆ ಸಂಶೋಧಕಿ ಮಾಡುತ್ತಿರುವ ವಿಕಿರಣದ ಪ್ರಯೋಗ ಮಾತ್ರ.

ಸಾಹೇಬರು ಡ್ರಾಯರಿನಿಂದ ಗುಂಡಿಯಷ್ಟಗಲದ ಬಿಲ್ಲೆ ತೆಗೆದು ಮೀಟರಿಗೆ ಹಿಡಿದರು. ಒಂದಿಷ್ಟೇ ಇಷ್ಟು ವಿಕಿರಣ ಸೂಸುವ ಬಿಲ್ಲೆ. ಮೀಟರು ಕೆಲಸ ಮಾಡುತ್ತಿದೆಯೇ ಎಂದು ದಿನಾ ಬೆಳಿಗ್ಗೆ ನೋಡುವುದಕ್ಕೆ. ಮೀಟರು ಪಟಪಟನೆ ಬಡಿದುಕೊಂಡಿತು. ಬಿಲ್ಲೆ ಮತ್ತೆ ಡ್ರಾಯರಿಗೆ ಬಿತ್ತು.

ಮುಂದಿನ ಐದು ಗಂಟೆ ಪಟ್ಟಿ ಬಿಡಿಸಿ ಪ್ರಯೋಗಾಲಯದೊಳಗೆ, ಮತ್ತೆ ಅಂಟಿಸಿ ಹೊರಗೆ, ಅವರು ಹುಡುಕದ ಮೂಲೆಯಿಲ್ಲ. ಸಿಂಕು, ಕಸದ ಬುಟ್ಟಿ, ಕುರ್ಚಿಯ ಹಿಡಿ, ಬಾಗಿಲ ಚಿಲಕ. ಹೊರಗಿನ ಕೋಣೆಯಲ್ಲಿ ಸಂಶೋಧಕಿಯ ಮೇಜಿನಡಿ ಬೋರಲು ಮಲಗಿ ತೆವಳಿದರು. ಹೊಟ್ಟೆ ಸಿಕ್ಕಿಕೊಂಡು, ಅವಳೇ ಕಾಲು ಹಿಡಿದು ಎಳೆಯಬೇಕಾಯಿತು. ಮೀಟರಿನ ತಾಳ ಎಲ್ಲಿಯೂ ಏರಲಿಲ್ಲ. ನಾಲ್ಕು ಗಂಟೆಗೆ, ಇನ್ನೇನೂ ತೋಚದೆ, ತಮ್ಮ ತಲೆಗೇ ಮೀಟರು ಹಿಡಿದುಕೊಂಡರು. ಅಲ್ಲಿಯೂ ಏನೂ ಇರಲಿಲ್ಲ.

ಸಂಶೋಧಕಿ ಬೀಗದ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಅವಳು ಗಡಿಯಾರ ನೋಡುವುದನ್ನೂ ಬಿಟ್ಟಿದ್ದಳು.

ಸಾಹೇಬರು ಕೋಣೆಗೆ ಮರಳಿ ವರದಿಯನ್ನು ಮೊದಲ ಪುಟದಿಂದ ಓದಿದರು. ಇದುವರೆಗೆ ಕೊನೆಯ ಪುಟವೊಂದೇ ಸಾಕಾಗುತ್ತಿತ್ತು. ಮೊದಲ ಪುಟದಲ್ಲಿ ನಲವತ್ತೆರಡನೆಯ ಬ್ಯಾಡ್ಜ್ ಇತ್ತು. ಅದು ಯಾರದ್ದೂ ಅಲ್ಲ. ಪ್ರಯೋಗಗಳಿಂದ ದೂರ, ಒಂದು ಕಡೆ ತೆಪ್ಪಗಿರುವುದೇ ಅದರ ಕೆಲಸ. ಮಣ್ಣು, ಗೋಡೆ, ಆಕಾಶ ಎಲ್ಲರಿಗೂ ಸಮನಾಗಿ ಹಂಚುವ ಚೂರುಪಾರು ವಿಕಿರಣವನ್ನು ಅದು ಹಿಡಿದಿಡುತ್ತದೆ. ಅದರ ಅಂಕಿಯನ್ನು ಉಳಿದವರ ಅಂಕಿಗಳಿಂದ ಕಳೆಯುತ್ತಾರೆ. ಉಳಿದದ್ದು ಕೆಲಸದಿಂದ ತಗುಲಿದ್ದು. ಏನೂ ಉಳಿಯದಿದ್ದರೆ ಸೊನ್ನೆ.

ಈ ಸಲ ಆ ಬ್ಯಾಡ್ಜಿನ ಅಂಕಿ ಹಿಂದೆಂದಿಗಿಂತ ತೀರಾ ಕಡಿಮೆ ಬಂದಿತ್ತು. ಸಾಹೇಬರ ಕಿವಿ ನೆಟ್ಟಗಾಯಿತು. ಯಾರೋ ಅದನ್ನು ಮುಟ್ಟಿದ್ದಾರೆ.

ಬ್ಯಾಡ್ಜುಗಳನ್ನು ಒಟ್ಟು ಮಾಡಿ ಲಕೋಟೆಗೆ ಹಾಕುವುದು ಗುಡಿಸಿ ಒರೆಸುವ ಅಕ್ಕನ ಕೆಲಸ. ಅವಳನ್ನು ಕರೆಸಿ, ಆ ಬ್ಯಾಡ್ಜ್ ಮುಟ್ಟಿದ್ದು ಯಾರೆಂದು ಕೇಳಿದರು.

“ನಾನೇ ಸಾರ್,” ಎಂದಳು ಅಕ್ಕ. “ಮೂರು ತಿಂಗಳ ಹಿಂದೆ ಬಣ್ಣ ಹೊಡೆಯೋರು ಬಂದಾಗ ನಿಮ್ಮ ಡ್ರಾಯರ್ ಖಾಲಿ ಮಾಡಿದ್ನಲ್ಲ, ಆವಾಗ ಸಿಕ್ತು. ಕೆಲಸ ಮುಗಿದ್ಮೇಲೆ ಎಲ್ಲರದ್ದೂ ಗೋಡೆ ಮೇಲೆ ನೇತಾಡ್ತಿರತ್ತೆ, ಇದೊಂದಕ್ಕೆ ಯಾಕೆ ಕತ್ತಲು ಅಂತ ಗ್ರಂಥಾಲಯದ ಹತ್ರ ಮೊಳೆಗೆ ತಗಲಿಸಿದೆ.”

ಸಾಹೇಬರು ರೇಗಿದರು. ಒಂಬತ್ತು ವರ್ಷದ ಹಿಂದೆ, ಇಡೀ ಕಟ್ಟಡದಲ್ಲಿ ಸುರಕ್ಷಿತ ಜಾಗ ಯಾವುದೆಂದು ಯೋಚಿಸಿ, ಸುರಕ್ಷತಾಧಿಕಾರಿಯ ಮೇಜಿಗಿಂತ ಬೇರೆ ಬೇಕೇ ಎಂದು ತಾವೇ ಅದನ್ನು ಅಲ್ಲಿ ಇಟ್ಟಿದ್ದಾಗಿ ಹೇಳಿದರು. ಹೊಸ ಬ್ಯಾಡ್ಜ್ ಬಂದಾಗಲೆಲ್ಲ ಅದೇ ಮೂಲೆಯಲ್ಲೇ ಇಟ್ಟಿದ್ದಾಗಿಯೂ ಹೇಳಿದರು. ಅಕ್ಕ ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು.

“ತಪ್ಪಾಯ್ತು ಸಾರ್. ಆ ಬಿಲ್ಲೆ ಅದರ ಮೇಲೇ ಬಿದ್ದಿತ್ತು. ಗೀರು ಬೀಳುತ್ತೇನೋ ಅಂತ ತೆಗೆದೆ.”

ಸಾಹೇಬರು ಬೈಯುವುದನ್ನು ಬಿಟ್ಟು ಡ್ರಾಯರು ಎಳೆದು, ಹಗಲೂ ರಾತ್ರಿ ವಿಕಿರಣ ಸೂಸುವ ಬಿಲ್ಲೆಯನ್ನು ನೋಡಿದರು. ಕಳೆಯುವ ಲೆಕ್ಕವನ್ನು ಅವರು ಮೂರನೆಯ ತರಗತಿಯಲ್ಲೇ ಕಲಿತಿದ್ದರು, ಅರ್ಥವಾದದ್ದು ಈಗ. ಕಳೆಯುವ ಅಂಕಿ ದೊಡ್ಡದಾದರೆ ಯಾರ ಪಾಲಿಗೂ ಏನೂ ಉಳಿಯುವುದಿಲ್ಲ.

ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ಅವರು ಹಳದಿ ಪಟ್ಟಿಯನ್ನು ಕಿತ್ತು ಬೀಗ ತೆಗೆದರು. ಸಂಶೋಧಕಿ ಎದ್ದು ನಿಂತಳು.

“ಸೋರಿಕೆ ಸಿಕ್ತಾ ಸಾರ್?”

“ಸೋರಿಕೆಯೇ ಇಲ್ಲಮ್ಮ. ಹೋಗು, ನಿನ್ನ ಕೋಶಗಳನ್ನ ನೋಡ್ಕೋ.”

“ಹಾಗಾದ್ರೆ ಈ ವರದಿ ತಪ್ಪಾ?”

“ಇದು ಸರಿಯಾಗಿದೆ,” ಎಂದರು ಸೊನ್ನೆ ಸಾಹೇಬರು. “ಹಿಂದಿನ ಮೂವತ್ತಾರು ತಪ್ಪು.”