ನೀಲಿ ವೈರು

"ಯಾರಪ್ಪಾ ನೀನು, ನನ್ನ ಕಂಪ್ಯೂಟರಿನೊಳಗೆ ಕೂತಿರೋನು?"

ದರ್ಜಿ ಕೇಳಿದ್ದು ಯಾರನ್ನೂ ಅಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲಿ ಅವನೊಬ್ಬನೇ ಇದ್ದ. ಪರದೆಯ ಮೇಲಿನ ಬಾಣ ಮಾತ್ರ ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು. ಮೂವತ್ತು ವರ್ಷ ಕಾಗದದ ಪುಸ್ತಕದಲ್ಲಿದ್ದ ಗಿರಾಕಿಗಳ ಅಳತೆಯನ್ನೆಲ್ಲ ಅವನು ಹೋದ ತಿಂಗಳಷ್ಟೇ ಕಂಪ್ಯೂಟರಿಗೆ ಏರಿಸಿದ್ದ. ಈಗ ಬಾಣ ಆ ಪಟ್ಟಿಯ ಒಂದು ಹೆಸರಿನ ಮೇಲೆ ಕೂತು, ಒತ್ತಿ, ಮುಂದಿನದಕ್ಕೆ ಹೋಗುತ್ತಿತ್ತು. ಔಷಧಿ ಅಂಗಡಿಯವರ ಹೊಟ್ಟೆ. ಜಡ್ಜ್ ಸಾಹೇಬರ ತೋಳು. ಸಂಗೀತದ ಮೇಡಂ ಸಾಲಿಗೆ ಬಂದದ್ದು ಅಲ್ಲೇ ನಿಂತುಬಿಟ್ಟಿತು.

ದರ್ಜಿ ಪರದೆಗೆ ಅಂಗೈ ಅಡ್ಡ ಹಿಡಿದ. "ಅಳತೆ ತೆಗೆಯೋನು ಮೊದಲು ತನ್ನ ಬಾಯಿ ಹೊಲ್ಕೋಬೇಕು" ಎಂದು ಕೆಲಸ ಕಲಿಸಿದ ಗುರು ಹೇಳಿದ್ದ. ಸಂಗೀತದ ಮೇಡಂ ವರ್ಷಕ್ಕೆ ಎರಡಿಂಚು ಹೊಲಿಗೆ ಬಿಡಿಸಿಕೊಂಡು ಹೋಗುವಾಗಲೂ "ತೊಳೆದು ತೊಳೆದು ಬಟ್ಟೆ ಕುಗ್ಗಿದೆ ಮೇಡಂ" ಎಂದು ತಪ್ಪನ್ನು ನೀರಿನ ಮೇಲೆ ಹಾಕಿ ಕಳಿಸುತ್ತಿದ್ದವನು ಅವನು. ಊರಿಗೆ ಊರೇ ಅವನೆದುರು ಉಸಿರು ಸಡಿಲ ಬಿಟ್ಟು ನಿಲ್ಲುತ್ತಿದ್ದುದು ಆ ಬಾಯಿಯನ್ನು ನಂಬಿ. ಈ ಪಟ್ಟಿ ಬೀದಿಗೆ ಬಿದ್ದರೆ ಇನ್ನು ಯಾರು ಅವನ ಟೇಪಿಗೆ ಕೈಯೆತ್ತಿ ನಿಂತಾರು?

ಇಂಟರ್ನೆಟ್ ಹಾಕಿಕೊಟ್ಟವನು ಹೇಳಿ ಹೋಗಿದ್ದ: ಯಾರೋ ಒಳಹೊಕ್ಕ ಅನುಮಾನ ಬಂದರೆ ಮೊದಲು ಕಂಪ್ಯೂಟರಿನ ಹಿಂದಿನ ನೀಲಿ ವೈರು ಕಿತ್ತುಬಿಡಿ, ಆಮೇಲೆ ಫೋನ್ ಮಾಡಿ. ದರ್ಜಿ ಮೇಜಿನಡಿ ನುಗ್ಗಿದ. ವೈರಿನ ತುದಿಯಲ್ಲೊಂದು ಪುಟ್ಟ ನಾಲಿಗೆ, ಅದನ್ನು ಒತ್ತಿ ಹಿಡಿದೇ ಎಳೆಯಬೇಕು. ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವ ಬೆರಳಿಗೆ ಅದು ಸಿಕ್ಕಲೇ ಇಲ್ಲ. ಎಳೆದ, ತಿರುಚಿದ, ದೇವರನ್ನು ಕರೆದ. ಕೊನೆಗೆ ಕೈಗೆ ಬಂದದ್ದು ಕತ್ತರಿ. ಗುರು ಕೊಟ್ಟ ಕತ್ತರಿ ಅದು, ಬಟ್ಟೆ ಬಿಟ್ಟರೆ ಕಾಗದಕ್ಕೂ ತಾಗಿಸಿದ್ದಿಲ್ಲ. ಹೆಂಡತಿ ಅದರಲ್ಲಿ ಒಮ್ಮೆ ಹಾಲಿನ ಪ್ಯಾಕೆಟ್ ಕತ್ತರಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದ. ಕಣ್ಣು ಮುಚ್ಚಿ, ಕಚಕ್ಕನೆ ವೈರು ಕತ್ತರಿಸಿದ.

ಎದ್ದು ನೋಡಿದರೆ ಬಾಣ ಆರಾಮವಾಗಿ ಪೋಸ್ಟ್‌ಮ್ಯಾನ್ ಸೊಂಟದ ಕಡೆ ಹೊರಟಿತ್ತು.

"ವೈರಿಲ್ಲದೇನೂ ಬರ್ತಾನಲ್ಲ ಇವನು" ಎಂದು ದರ್ಜಿ ಕುರ್ಚಿಯ ಮೇಲೆ ಕುಸಿದ. ಆಗ ಕೇಳಿಸಿತು, ಪಕ್ಕದ ಕೋಣೆಯಿಂದ ಅಮ್ಮ ಹೇಳುತ್ತಿದ್ದ ದೇವರ ಪದ್ಯ. ಪ್ರತಿ ಪದ್ಯದ ಕೊನೆಗೊಂದು 'ಟಿಕ್'. ಅಲ್ಲಿ ಟಿಕ್ ಎಂದಾಗಲೆಲ್ಲ ಇಲ್ಲಿ ಬಾಣ ಒಂದು ಹೆಸರು ಒತ್ತುತ್ತಿತ್ತು.

ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಮೊಣಕಾಲ ಮೇಲೆ, ಅಂಗೈಯಡಿ, ಬೆಳಗಿನಿಂದ ಅವನಿಗೆ ಸಿಗದಿದ್ದ ತಂತಿಯಿಲ್ಲದ ಮೌಸು.

"ಅಮ್ಮಾ, ಅದನ್ಯಾಕೆ ಹಿಡ್ಕೊಂಡಿದೀಯ?"

ಅಮ್ಮ ಹಿಡಿದ ಪದ್ಯ ಮುಗಿಸಿ, ಒಮ್ಮೆ ಒತ್ತಿ, ಆಮೇಲೆ ಕಣ್ಣು ಬಿಟ್ಟಳು. "ಪದ್ಯ ಎಣಿಸೋಕೆ ಕಣೋ. ನಾನು ಎಣಿಕೆಗೆ ಇಟ್ಕೊಂಡಿದ್ದ ಗುಂಡಿ ಡಬ್ಬೀನ ಅಂಗಿಗಳಿಗೆ ಬೇಕು ಅಂತ ನೀನೇ ಎತ್ಕೊಂಡು ಹೋದೆ. ಇದು ನಿನ್ನ ಬಟ್ಟೆ ರಾಶಿಯಡಿ ದಿಕ್ಕಿಲ್ಲದೆ ಬಿದ್ದಿತ್ತು. ಒತ್ತಿದ್ರೆ ಕಂಪ್ಯೂಟರೇ ಲೆಕ್ಕ ಇಟ್ಕೊಳ್ಳುತ್ತಲ್ವಾ?"

ದರ್ಜಿ ಕತ್ತರಿಯನ್ನು ಬೆಳಕಿಗೆ ಹಿಡಿದ. ಅಲಗಿನಲ್ಲಿ ಎಳ್ಳುಕಾಳಿನಷ್ಟು ಮುಕ್ಕು. ಅದನ್ನು ಬೆರಳಲ್ಲಿ ಸವರುತ್ತಲೇ ನಡೆದದ್ದನ್ನೆಲ್ಲ ಹೇಳಿದ. ಅಮ್ಮ ಲೊಚಗುಟ್ಟುತ್ತ ಕೇಳಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಸರಿದು, ದನಿ ತಗ್ಗಿಸಿದಳು.

"ಅಂದ್ರೆ ಕಳ್ಳಿ ನಾನೇ. ಅಷ್ಟು ಹೆಸರು ಒತ್ತಿದ್ರೂ ನನಗೆ ಒಂದು ಅಳತೇನೂ ಗೊತ್ತಾಗಲಿಲ್ಲ ನೋಡು. ಇದೊಂದು ಹೇಳಿಬಿಡು, ಆ ಸಂಗೀತದ ಮೇಡಂ ಸೊಂಟ ಈಗ ಎಷ್ಟು? ಹೆತ್ತ ತಾಯಿ ಕಣೋ, ನಾನ್ಯಾರಿಗೆ ಹೇಳ್ತೀನಿ?"

ದರ್ಜಿ ಮುಕ್ಕಾದ ಕತ್ತರಿಯನ್ನು ಮುಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ.

"ಹೇಳೋದಿಲ್ಲ."