ಮೇಬೆಲ್ ಬಂದ ಬೆಳಗು

"ಕಾಲು ಬಡೀಬೇಡ, ಅದರ ಹಿಂದೆ ಹೋಗ್ಬೇಡ. ಅದಾಗೇ ಬಂದು ಮೈ ಉಜ್ಜಿದ್ರೂ ಕೈ ಚಾಚ್ಬೇಡ," ಎಂದಳು ರೊವೀನಾ. ಮನಾಟಿ ನೋಡಲು ಬರುವ ಪ್ರವಾಸಿಗರಿಗೆ ದಿನಕ್ಕೆ ನಾಲ್ಕು ಸಲ ಒಪ್ಪಿಸುವ ಪಾಠವನ್ನು ಇವತ್ತು ಸ್ವಂತ ಅಪ್ಪನಿಗೆ ಒಪ್ಪಿಸುತ್ತಿದ್ದಳು. ದೋಣಿಯ ಅಂಚಿನಲ್ಲಿ ಕೂತು ಬಿಗಿ ರಬ್ಬರ್ ಉಡುಪಿನೊಳಗೆ ಹೊಟ್ಟೆ ತುರುಕುತ್ತಿದ್ದ ಎಪ್ಪತ್ತೊಂಬತ್ತರ ಓಡೆಲ್‌ಗೆ ರೇಗಿತು. ನಿನಗೆ ಈಜು ಕಲಿಸಿದ್ದು ಯಾರು ಅಂತ ಕೇಳಿದ. "ನೀನೇ. ಇದೊಂದನ್ನ ಮಾತ್ರ ಕಲಿಸ್ಲಿಲ್ಲ," ಅಂದಳು ಮಗಳು. ಮುದುಕ ತಲೆ ತಗ್ಗಿಸಿದ.

ತಗ್ಗಿಸದೆ ಏನು ಮಾಡಿಯಾನು? ಕಡಲ ಉಪ್ಪು ಬೆರೆಯುವ ನಮ್ಮ ಕ್ರಿಸ್ಟಲ್ ನದಿಯ ದಂಡೆಯಲ್ಲಿ ಆಗ ಅಕ್ಕಪಕ್ಕದವರು ಮಾಡುತ್ತಿದ್ದುದನ್ನೇ ಅವನೂ ಮಾಡಿದ್ದ. ಮನೆ ಹಿಂದೆ ದೋಣಿ ಕಟ್ಟುವ ಮರದ ಜೆಟ್ಟಿಯಿಂದ ತೋಟದ ಪೈಪು ಇಳಿಬಿಟ್ಟು ಒಂದು ಮನಾಟಿಗೆ ಸಿಹಿನೀರು ಕುಡಿಸುತ್ತಿದ್ದ. ಎಮ್ಮೆಗಿಂತ ದೊಡ್ಡ ಮೈ, ತಿನ್ನುವುದು ನೀರೊಳಗಿನ ಹುಲ್ಲು, ಯಾರ ತಂಟೆಗೂ ಹೋಗದ ಪ್ರಾಣಿ. ಅದು ಮೀಸೆಯ ಮೂತಿ ಎತ್ತಿ ಗಟಗಟ ಕುಡಿಯುವುದನ್ನು ನೋಡಿದರೆ ಎಂಥವರಿಗೂ ಮುದ್ದು ಬರುತ್ತದೆ. ಮೇಬೆಲ್ ಅಂತ ಹೆಸರನ್ನೂ ಇಟ್ಟ. ಪಾಪದ್ದು ಮನುಷ್ಯರನ್ನು ನಂಬಿತು, ಜೆಟ್ಟಿಯನ್ನು ನಂಬಿತು, ಕೊನೆಗೆ ದೋಣಿಯನ್ನೂ ನಂಬಿತು. ಒಂದು ಮಧ್ಯಾಹ್ನ ಓಡೆಲ್‌ನ ಕಣ್ಣೆದುರೇ, ನೀರು ಕೊಡುವವರು ಬಂದರೆಂದು, ಓಡುವ ದೋಣಿಗೆ ಎದುರಾಗಿ ಹೋಯಿತು. ಮೋಟಾರಿನ ರೆಕ್ಕೆ ಅದರ ಬೆನ್ನ ಮೇಲೆ ಐದು ಗೀರು ಎಳೆದುಬಿಟ್ಟಿತು.

ಅಂದಿನಿಂದ ಹನ್ನೊಂದು ವರ್ಷ ಅವನು ನದಿಗೆ ಕಾಲಿಟ್ಟಿರಲಿಲ್ಲ. ಬದುಕಿದೆಯೋ ಸತ್ತಿದೆಯೋ ಎಂದು ಕೇಳುವ ಧೈರ್ಯವೂ ಇರಲಿಲ್ಲ. ಐದು ಗೀರಿನದು ಚಳಿ ಕಾಯಿಸಿಕೊಳ್ಳಲು ನದಿಯ ಬೆಚ್ಚನೆಯ ಬುಗ್ಗೆಗೆ ಬಂದಿದೆ ಎಂದು ಹೋದ ವಾರ ಮಗಳು ಹೇಳಿದ್ದೇ ತಡ, ಒಂದೇ ಹಠ ಹಿಡಿದ. ನೋಡಬೇಕು. ಅದಕ್ಕೆ ತನ್ನ ಗುರುತು ಸಿಗಬೇಕು. ಗುರುತು ಹಿಡಿದು ಹತ್ತಿರ ಬಂದರೆ ತನ್ನನ್ನು ಕ್ಷಮಿಸಿದ ಹಾಗೆ ಅಂತ ಅವನಿಗೆ ಅವನೇ ತೀರ್ಮಾನ ಮಾಡಿಕೊಂಡಿದ್ದ.

ಜನವರಿಯ ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ಬುಗ್ಗೆಯ ಮೇಲೆ ಹಬೆ ಎದ್ದು ದಡದ ಮರಗಳು ಬುಡವಿಲ್ಲದೆ ನಿಂತಿದ್ದವು. ಓಡೆಲ್ ಈಜುವ ಕನ್ನಡಕ ಹಾಕಿ, ಉಸಿರಿನ ಕೊಳವೆ ಕಚ್ಚಿಕೊಂಡು ಸದ್ದಾಗದಂತೆ ನೀರಿಗೆ ಜಾರಿ, ಮುಖ ಕೆಳಗೆ ಮಾಡಿ ತೇಲಿದ. ಮೊದಲು ತನ್ನ ಉಸಿರೊಂದೇ ಕೇಳಿಸಿತು. ಆಮೇಲೆ ಅದೂ ದೂರದಲ್ಲೆಲ್ಲೋ ಯಾರದೋ ಉಸಿರಿನಂತೆ ಆಯಿತು. ಕೆಳಗೆ ಎಲ್ಲೆಲ್ಲೂ ನೀಲಿ. ಬಿಳಿ ಮರಳಿನ ಮೇಲೆ ಬಿಸಿಲು ಹರಿದಾಡುತ್ತಿತ್ತು, ಅಲ್ಲಿ ನಾಲ್ಕೈದು ಬೂದು ಮೈಗಳು ಮಲಗಿದ್ದವು. ಆಗೊಮ್ಮೆ ಈಗೊಮ್ಮೆ ಒಂದು ನಿದ್ದೆಗಣ್ಣಲ್ಲೇ ಮೇಲೆದ್ದು, ಫುಸ್ಸೆಂದು ಉಸಿರುಬಿಟ್ಟು, ಮತ್ತೆ ಇಳಿಯುತ್ತಿತ್ತು. ಅದನ್ನು ನೋಡುತ್ತಾ ಅವನಿಗೆ ಹೊತ್ತು ಮರೆತುಹೋಯಿತು, ವಯಸ್ಸೂ ಮರೆತುಹೋಯಿತು.

ಅವುಗಳಲ್ಲೊಂದು ಅವನ ಕಡೆಗೆ ತೇಲಿ ಬಂತು. ಬೆನ್ನ ಮೇಲೆ ಐದು ಬಿಳಿ ಗೀರು. ಮೇಬೆಲ್ ಅವನ ಬಲಗೈಯ ಕೆಳಗೆ ಬಂದು ನಿಂತಿತು. ಹಿಂದೆ ಪೈಪಿನ ಕೆಳಗೆ ನಿಲ್ಲುತ್ತಿದ್ದಂತೆಯೇ ಮೂತಿ ಎತ್ತಿ ಬಾಯಿ ತೆರೆಯಿತು. ಗುರುತು ಸಿಕ್ಕಿದೆ, ಅನುಮಾನವೇ ಇಲ್ಲ! ಓಡೆಲ್‌ಗೆ ಅಳು ಒತ್ತರಿಸಿ ಬಂತು. ಒಂದು ಗೇಣು ಕೈ ಇಳಿಸಿದರೆ ಆ ಮೀಸೆ ಬೆರಳಿಗೆ ತಾಕುತ್ತದೆ, ಹನ್ನೊಂದು ವರ್ಷದ ಭಾರ ಇಳಿಯುತ್ತದೆ. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು.

ಆಗ ಮೇಬೆಲ್‌ನ ಪಕ್ಕದಿಂದ ಮರಿಯೊಂದು ಇಣುಕಿತು. ನುಣ್ಣನೆಯ ಮೈ, ಒಂದು ಗೀರೂ ಇಲ್ಲ. ಅಮ್ಮ ಮಾಡುವುದನ್ನೇ ನೋಡುತ್ತಾ, ಅದೂ ಮೂತಿ ಎತ್ತಿತು.

ಓಡೆಲ್ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡುಬಿಟ್ಟ. ಮೇಬೆಲ್ ಕಾಯಿತು. ಉಸಿರಿಗೆಂದು ಎರಡು ಸಲ ಮೇಲೆ ಹೋಗಿ ಬಂದು, ಎರಡು ಸಲವೂ ಅವನ ಮುಂದೆಯೇ ಬಾಯಿ ತೆರೆದು ನಿಂತಿತು. ಅಷ್ಟು ಕಷ್ಟದ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮರಿ ಬಂದು ಅವನ ಕನ್ನಡಕದ ಗಾಜನ್ನು ಮೂಸಿತು, ಮೊಣಕೈ ಮೂಸಿತು. ಏನೂ ಸಿಗದೆ ಬೇಸರವಾಗಿ ಹುಲ್ಲಿನ ಕಡೆಗೆ ತಿರುಗಿತು. ಸ್ವಲ್ಪ ಹೊತ್ತಾದ ಮೇಲೆ ಮೇಬೆಲ್ ಕೂಡ ಅದರ ಹಿಂದೆ ಹೋಯಿತು.

ರೊವೀನಾ ಅವನನ್ನು ದೋಣಿಗೆ ಎಳೆದುಕೊಂಡು, ಕಂಬಳಿ ಹೊದಿಸಿ, ಬಿಸಿ ಕಾಫಿಯ ಲೋಟವನ್ನು ಕೈಗಿಟ್ಟಳು. ಅವನು ನೀರಿನ ಕಡೆಗೇ ನೋಡುತ್ತಾ ಕಾಫಿ ಹೀರಿದ. ಅವಳಿಗೆ ತಡೆಯಲಾಗಲಿಲ್ಲ.

"ಗುರುತು ಹಿಡೀತಾ ಅಪ್ಪಾ?"

"ಮೇಬೆಲ್ ಹಿಡೀತು ಕಣೇ," ಅಂದ ಓಡೆಲ್, ಮೂಗು ಒರೆಸಿಕೊಳ್ಳುತ್ತಾ. "ಮರಿಗೆ ನಾನ್ಯಾರೂಂತ ಗೊತ್ತಾಗ್ಲಿಲ್ಲ. ದೇವರು ದೊಡ್ಡವನು."