ಮರದೂರಿನ ಮಂದಿ

ಜನಗಣತಿಗೆ ಬಂದ ಹುಡುಗಿಯನ್ನು ತನ್ನ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಬಸ್ತ್ಯಾಂವ ಊರಿನ ಕಥೆಯನ್ನೆಲ್ಲ ಬಿಚ್ಚಿದ. ಕಟ್ಟಿಗೆ ಮಿಲ್ಲು ಓಡುತ್ತಿದ್ದ ಕಾಲದಲ್ಲಿ ಆನೆಗಳು ಸಾಗುವಾನಿ ದಿಮ್ಮಿ ಎಳೆದು ತರುತ್ತಿದ್ದವು. ಪಗಾರದ ದಿನ ಚಹಾದಂಗಡಿಯಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ಮರ ಕಡಿಯುವುದು ನಿಂತ ಮೇಲೆ ಮಿಲ್ಲು ಮುಚ್ಚಿತು, ಮಂದಿ ಗಂಟುಮೂಟೆ ಕಟ್ಟಿದರು.

“ಈಗ ಎಷ್ಟು ಮನಿ ಅದಾವ್ರಿ?” ಹುಡುಗಿ ಕೇಳಿದಳು.

ಬಸ್ತ್ಯಾಂವ ಎದುರು ಮನೆಯತ್ತ ನೋಡಿದ. ಗಂಡ ತೀರಿಕೊಂಡ ಮೇಲೂ ಊರು ಬಿಡದಿದ್ದ ಫಿಲೋಮಿನಾ ಇವತ್ತು ತಂಗಿಯ ಊರಿಗೆ ಹೊರಟಿದ್ದಳು. ಹೋಗಬೇಡ ಅನ್ನಲು ಅವನು ವಾರದಿಂದ ಬಾಯಿ ತೆರೆಯುತ್ತಿದ್ದ. ಪ್ರತಿ ಸಲವೂ ಹೊರಗೆ ಬಂದದ್ದು ಬಿಸಿಲಿನ ಮಾತು.

“ಒಂದ ಮನಿ ಅಂತ ಬರ್ಕೊ. ಎದುರು ಮನಿಯಾಕಿ ಸಂಜಿ ಬಸ್ಸಿಗೆ ಹೊಂಟಾಳ.”

“ನಿಮ್ಮ ಮನ್ಯಾಗ ಎಷ್ಟು ಮಂದಿ?”

“ನಂದು ಲಗ್ನ ಆಗಿಲ್ಲವ್ವಾ. ನಾ ಒಬ್ಬನ.”

ತನ್ನ ಮನೆಯ ಚಾವಿ ಒಪ್ಪಿಸಲು ಬಂದಿದ್ದ ಫಿಲೋಮಿನಾ ಮೆಟ್ಟಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಂದು ಗಳಿಗೆ ಬಸ್ತ್ಯಾಂವನ ಮುಖವನ್ನೇ ನೋಡಿದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು.

“ಮನಿ ಒಂದ ಇರ್ಲಿ ತಂಗಿ. ಮಂದಿ ಇಬ್ಬರು ಅಂತ ಬರ್ಕೊ.”